ತಬೇಲಾಕ್ಕೆ ಹೋದ ಮಕ್ಕಳಿಗೆ ಮಾಂಸದ ವಿಷಯ ಹೇಳಬಹುದೇ?

ಪ್ರಶ್ನೆ: ನಾನು ಗೋರೆಗಾಂವ್‌ನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಅಮೆರಿಕದಲ್ಲಿ ಮಾಂಸಕ್ಕಾಗಿ ದನ ಸಾಕುವ ರೈತರು ಶಾಲಾ ಮಕ್ಕಳಿಗೆ ಪಶುಪಾಲನೆಯನ್ನೂ ಮಾಂಸದ ಪೌಷ್ಟಿಕತೆಯನ್ನೂ ಒಟ್ಟಿಗೆ ತಿಳಿಸಿಕೊಡುತ್ತಾರೆಂದು ಓದಿದೆ. ನಮ್ಮ ಮಕ್ಕಳನ್ನು ಆರೇ ಕಾಲೊನಿಯ ತಬೇಲಾಕ್ಕೆ, ಅಂದರೆ ಹಾಲಿಗಾಗಿ ಎಮ್ಮೆ ಸಾಕುವ ಕೊಟ್ಟಿಗೆಗೆ, ಕರೆದೊಯ್ಯಬೇಕೆಂದಿದ್ದೇನೆ. ತರಗತಿಯಲ್ಲಿ ಮಾಂಸ ತಿನ್ನುವ ಮನೆಯವರೂ ತಿನ್ನದ ಮನೆಯವರೂ ಇದ್ದಾರೆ. ಹಾಲಿನ ಪಾಠಕ್ಕೇ ನಿಲ್ಲಿಸಬೇಕೇ?
– ಓರ್ವ ಶಿಕ್ಷಕಿ, ಮುಂಬಯಿ

ಉತ್ತರ: ಖಂಡಿತ ಕರೆದೊಯ್ಯಿರಿ, ಮಾಂಸದ ವಿಷಯವನ್ನು ಮುಚ್ಚಿಡಬೇಡಿ. ಆದರೆ ಅಮೆರಿಕದ ಮಾದರಿಯನ್ನು ಇದ್ದ ಹಾಗೆಯೇ ತರಲಾಗದು. ಅಲ್ಲಿ ದನ ಮಾರಾಟವಾದಾಗ ತಲೆಗೆ 1 ಡಾಲರಿನಂತೆ ರೈತರಿಂದ ಸಂಗ್ರಹವಾಗುವ ನಿಧಿಯೊಂದಿದ್ದು, ಮಾಂಸದ ಪ್ರಚಾರಕ್ಕೂ ಶಿಕ್ಷಣದ ಕಾರ್ಯಕ್ರಮಗಳಿಗೂ ಅದರಿಂದ ಹಣ ಸಿಗುತ್ತದೆ. ಸಾಕಣೆಯ ಬಗ್ಗೆ ಸಾಕುವವರೇ ಹೇಳಲಿ, ಅವರಷ್ಟು ಬಲ್ಲವರಿಲ್ಲ. ಆದರೆ ಮಾರುವವರ ಪ್ರಚಾರ ಪಾಠದಲ್ಲಿ ಬೆರೆಯದಂತೆ, ಆಹಾರದ ಪಾಠವನ್ನು ಮಾತ್ರ ನೀವೇ ಮಾಡಬೇಕು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅಲ್ಲಿ ಆಂಗಸ್, ಹೆರ್ಫರ್ಡ್‌ನಂತಹ ತಳಿಗಳನ್ನು ಮಾಂಸಕ್ಕೆಂದೇ ಸಾಕುತ್ತಾರೆ. ಮಹಾರಾಷ್ಟ್ರದಲ್ಲಿ ಹಸುವಿನ ಜೊತೆಗೆ ಹೋರಿ, ಎತ್ತುಗಳ ವಧೆಯೂ 2015ರಿಂದ ನಿಷಿದ್ಧವಾಗಿರುವುದರಿಂದ ಇಲ್ಲಿ ಕಾನೂನುಬದ್ಧವಾಗಿ ಸಿಗುವುದು ಎಮ್ಮೆ, ಕೋಣಗಳ ಮಾಂಸ, ಮತ್ತು ಅದು ಬಹುಪಾಲು ಹೈನುಗಾರಿಕೆಯ ಬೆನ್ನಿಗೇ ಬರುವಂಥದ್ದು. ತಬೇಲಾದಲ್ಲಿ ಸಾಲಾಗಿ ಕಟ್ಟಿದ ಎಮ್ಮೆಗಳನ್ನು ನೋಡಿದ ಯಾವುದಾದರೊಂದು ಮಗು, ಗಂಡು ಕರುಗಳೆಲ್ಲಿ ಎಂದು ಕೇಳಿಯೇ ಕೇಳುತ್ತದೆ. ಹಾಲು ಕೊಡದ ಗಂಡು ಕರುವನ್ನೂ ಹಾಲು ಬತ್ತಿದ ಎಮ್ಮೆಯನ್ನೂ ಮೇವು ಹಾಕಿ ಸಾಕುವುದು ಮಾಲಕನಿಗೆ ಕಷ್ಟವೆಂದೂ, ಅವುಗಳಲ್ಲಿ ಅನೇಕವು ಕೊನೆಗೆ ಮಾಂಸಕ್ಕೆ ಹೋಗುತ್ತವೆಂದೂ ಮೆಲುದನಿಯಲ್ಲಾದರೂ ನಿಜವನ್ನೇ ಹೇಳಿ. ಹನ್ನೆರಡರ ಮಕ್ಕಳು ಇದನ್ನು ತಾಳಿಕೊಳ್ಳಬಲ್ಲರು. ಕಸಾಯಿಖಾನೆಯನ್ನು ತೋರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಅಲ್ಲಿ ಒಂದು ಎಮ್ಮೆಯ ಎದುರು ಮಕ್ಕಳನ್ನು ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿ. ಮೆಲುಕಿನ ಉಂಡೆಯೊಂದು ಕುತ್ತಿಗೆಯೊಳಗಿನಿಂದ ಮೇಲೇರಿ ಬಾಯಿಗೆ ಬರುವುದೂ, ದವಡೆ ಅಡ್ಡಡ್ಡಲಾಗಿ ಆಡುವುದೂ, ಅಗಿದು ನುಂಗಿದ ಸ್ವಲ್ಪ ಹೊತ್ತಿಗೆ ಮತ್ತೊಂದು ಉಂಡೆ ಏರುವುದೂ ಬರಿಗಣ್ಣಿಗೆ ಕಾಣುತ್ತದೆ. ಒಂದು ಉಂಡೆಗೆ ಎಷ್ಟು ಸಲ ಅಗಿಯುತ್ತದೆಂದು ಅವರೇ ಎಣಿಸಲಿ. ನಮ್ಮ ಹೊಟ್ಟೆಗೆ ಜೀರ್ಣವಾಗದ ಹುಲ್ಲನ್ನು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಒಡೆದು, ಹಾಲು ಮಾಂಸಗಳೆರಡಕ್ಕೂ ಬೇಕಾದ ಪ್ರೋಟೀನನ್ನು ಒದಗಿಸುತ್ತವೆ ಎಂಬುದನ್ನು ಆಗಲೇ ವಿವರಿಸಿದರೆ ಪುಸ್ತಕದ ಪಾಠಕ್ಕೆ ಜೀವ ಬರುತ್ತದೆ.

ಪೌಷ್ಟಿಕತೆಯಲ್ಲಿ ಕಬ್ಬಿಣಾಂಶಕ್ಕೆ ಹೆಚ್ಚು ಸಮಯ ಕೊಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ 28 ಮಿಲಿಗ್ರಾಂ, ಅದೇ ವಯಸ್ಸಿನ ಹುಡುಗನಿಗೆ 16 ಮಿಲಿಗ್ರಾಂ ಕಬ್ಬಿಣ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದರೂ ಕಬ್ಬಿಣದ ಪ್ರಮಾಣ ಜನ ಭಾವಿಸುವಷ್ಟಿಲ್ಲ. ಕಾಳುಸೊಪ್ಪುಗಳ ಕಬ್ಬಿಣಕ್ಕಿಂತ ಅದು ದೇಹಕ್ಕೆ ಸುಲಭವಾಗಿ ಹಿಡಿಯುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಮಾಂಸ ತಿನ್ನದ ಮನೆಯ ಮಗು ಹೆಸರುಕಾಳಿನ ಉಸಲಿಗೆ ನಿಂಬೆಹಣ್ಣು ಹಿಂಡಿಕೊಂಡು, ಊಟದ ಜೊತೆಗೆ ಚಹಾ ಕುಡಿಯುವುದನ್ನು ಬಿಟ್ಟರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಕಾಳು, ಸೊಪ್ಪು, ತರಕಾರಿಗಳಂತಹ ಸಸ್ಯಮೂಲದ ಆಹಾರದಲ್ಲಿ ದೊರೆಯದ ಬಿ12 ಜೀವಸತ್ವ ಅವರಿಗೆ ಹಾಲು ಮೊಸರಿನಿಂದ ಸಿಗಬೇಕು. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ತರಗತಿಯಲ್ಲಿ ಕೈ ಎತ್ತಿಸಬೇಡಿ. ಆ ಒಂದು ಕ್ಷಣದ ಅವಮಾನವನ್ನು ಮಕ್ಕಳು ಬಹಳ ಕಾಲ ಮರೆಯುವುದಿಲ್ಲ.

ಹೊರಡುವ ಮೊದಲು ಪಾಲಕರಿಗೆ ಪತ್ರ ಬರೆದು, ಮಾಂಸದ ಮಾತೂ ಬರಲಿದೆಯೆಂದು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ತಬೇಲಾದವರು ಪ್ರೀತಿಯಿಂದ ಕೊಡುವ ನೊರೆಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು, ಬ್ರುಸೆಲ್ಲೋಸಿಸ್, ಕ್ಷಯಗಳಂತಹ ರೋಗಗಳು ಹಸಿಹಾಲಿನಿಂದ ಹರಡಬಲ್ಲವು. ಮರಳುವಾಗ ಎಲ್ಲರೂ ಸಾಬೂನಿನಿಂದ ಕೈ ತೊಳೆದುಕೊಂಡ ಮೇಲೆಯೇ ಡಬ್ಬಿ ಬಿಚ್ಚಲಿ.