ಬಡಾವಣೆ ವಾಸಕ್ಕೆ ಹಿತವಾಗಬೇಕೆಂದರೆ ಎಲ್ಲಿಂದ ಶುರುಮಾಡಬೇಕು?

ವಾಸಿಸುವವರಿಗೆ ಹಿತವಾಗಿರಬೇಕು, ನೆಲ-ನೀರಿಗೆ ಹೊರೆಯಾಗಬಾರದು. ಅಂಥ ಬಡಾವಣೆಯನ್ನು ರೂಪಿಸುವ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘದ ಬಳಿ ಇರುವ ಹಣ ಒಂದು ದೊಡ್ಡ ಕೆಲಸಕ್ಕಷ್ಟೇ ಸಾಲುತ್ತದೆ. ಸೋಲಾರ್ ಫಲಕ ಹಾಕಿಸೋಣ ಎಂದು ಕೆಲವರು, ಉದ್ಯಾನ ಮಾಡೋಣ ಎಂದು ಕೆಲವರು. ಯಾವುದು ಮೊದಲು?

ಎರಡನ್ನೂ ಸ್ವಲ್ಪ ದಿನ ಬದಿಗಿಟ್ಟು, ನಕ್ಷೆ ಹಿಡಿದು ನಡೆಯಿರಿ. ದಿನಸಿ ಅಂಗಡಿ, ಶಾಲೆ, ಔಷಧಿ ಅಂಗಡಿ, ಬಸ್ ನಿಲ್ದಾಣ, ಮಕ್ಕಳು ಆಡುವ ಬಯಲು ಇವೆಲ್ಲ ಪ್ರತಿ ಬೀದಿಯಿಂದ ಎಷ್ಟು ಮೀಟರ್ ನಡಿಗೆ ಎಂದು ಗುರುತು ಹಾಕಿ. ಗಟ್ಟಿಮುಟ್ಟಾಗಿರುವವರು 400 ಮೀಟರ್ ದೂರವನ್ನು ಸುಮಾರು 5 ನಿಮಿಷದಲ್ಲಿ ಮುಟ್ಟುತ್ತಾರೆ. ಸೆಕೆಂಡಿಗೆ 0.8 ಮೀಟರ್‌ನಂತೆ ನಡೆಯುವ ವೃದ್ಧರಿಗೆ ಅದೇ ದೂರಕ್ಕೆ 8 ನಿಮಿಷಕ್ಕೂ ಹೆಚ್ಚು ಬೇಕು. ನಿಮ್ಮ ಲೆಕ್ಕ ವೃದ್ಧರ ನಡಿಗೆಯದಾಗಿರಲಿ.

ನಕ್ಷೆಯ ಮೇಲೆ ಕೈವಾರದಿಂದ ವೃತ್ತ ಎಳೆದು ‘ಎಲ್ಲವೂ ಹತ್ತಿರದಲ್ಲೇ ಇದೆ’ ಎಂದು ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ನಡುವೆ ಒಂದು ಕಾಂಪೌಂಡ್ ಗೋಡೆ, ಬೀಗ ಬಿದ್ದ ಒಂದು ಗೇಟು, ದಾಟಲು ಹೆದರಿಕೆಯಾಗುವ ಒಂದು ರಸ್ತೆ ಇದ್ದರೆ 150 ಮೀಟರ್ ದಾರಿ 900 ಮೀಟರ್ ಆಗಿಬಿಡುತ್ತದೆ. ಆಗ ಹಾಲು ತರುವುದಕ್ಕೂ ಗಾಡಿ ತೆಗೆಯುತ್ತಾರೆ. ಆ ಗೇಟು ತೆಗೆಸುವುದಕ್ಕಿಂತ ಕಡಿಮೆ ಖರ್ಚಿನ ಪರಿಸರ ಕೆಲಸ ಮತ್ತೊಂದಿಲ್ಲ. ದಿನನಿತ್ಯದ ಅಗತ್ಯಗಳೆಲ್ಲ ಕಾಲ್ನಡಿಗೆಯಲ್ಲಿ ಅಥವಾ ಸೈಕಲ್ಲಿನಲ್ಲಿ ಹದಿನೈದು ನಿಮಿಷದೊಳಗೆ ಸಿಗಬೇಕೆಂಬ ಕಲ್ಪನೆಯನ್ನು 2016ರಲ್ಲಿ ಪ್ಯಾರಿಸ್‌ನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಮುಂದಿಟ್ಟರು. ಪ್ಯಾರಿಸ್ ಅದನ್ನು ನಗರದ ಗುರಿಯಾಗಿ ಸ್ವೀಕರಿಸಿತು. ಅದರ ತಿರುಳು ಇಷ್ಟೇ: ಓಡಾಟದ ಅಗತ್ಯವನ್ನೇ ತಗ್ಗಿಸುವುದು.

ಬಸ್ಸಿನ ಬಗ್ಗೆ ಒಂದು ಮಾತು. ಅರ್ಧ ಗಂಟೆಗೊಂದರಂತೆ ಮೂರು ಮಾರ್ಗಗಳನ್ನು ಕೇಳುವ ಬದಲು ಹತ್ತು ನಿಮಿಷಕ್ಕೊಂದರಂತೆ ಒಂದೇ ಮಾರ್ಗವನ್ನು ಕೇಳಿ. ಸರಾಸರಿ ಕಾಯುವ ಹೊತ್ತು 15 ನಿಮಿಷದಿಂದ 5 ನಿಮಿಷಕ್ಕೆ ಇಳಿಯುತ್ತದೆ, ವೇಳಾಪಟ್ಟಿ ನೋಡುವ ತಾಪತ್ರಯವೂ ತಪ್ಪುತ್ತದೆ. ಸೋಲಾರ್ ಒಳ್ಳೆಯದೇ. ಆದರೆ ಚಾವಣಿಯ ಫಲಕ ವಿದ್ಯುತ್ತಿನ ಲೆಕ್ಕವನ್ನು ಸರಿಪಡಿಸೀತೇ ಹೊರತು ದಿನಕ್ಕೆ ನಾಲ್ಕು ಬಾರಿ ಗಾಡಿ ಹೊರತೆಗೆಯುವುದನ್ನು ತಪ್ಪಿಸದು.

ಪ್ರಶ್ನೆ: ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ವಾಹನಗಳು ನಮ್ಮ ಬೀದಿಗೆ ನುಗ್ಗುತ್ತವೆ. ನಾಲ್ಕು ಕಡೆ ಹಂಪ್ಸ್ ಹಾಕಿಸಿದರೂ ಕಡಿಮೆಯಾಗಿಲ್ಲ. ಇನ್ನೇನು ಮಾಡಬಹುದು?

ಹಂಪ್ಸ್ ವೇಗಕ್ಕೆ ಮದ್ದು, ವಾಹನಗಳ ಸಂಖ್ಯೆಗೆ ಅಲ್ಲ. ಎರಡು ಹಂಪ್ಸ್ ನಡುವೆ ಚಾಲಕರು ಮತ್ತೆ ವೇಗ ಏರಿಸುವುದರಿಂದ ಸದ್ದು, ಹೊಗೆ ಎರಡೂ ಹೆಚ್ಚುತ್ತವೆ. ಆದರೂ ವೇಗವನ್ನು ಕಡೆಗಣಿಸುವಂತಿಲ್ಲ. ಚಾಲಕನಿಗೆ ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡ್ ಬೇಕೆಂದುಕೊಳ್ಳಿ. ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರ್‌ನಲ್ಲಿ ನಿಂತುಬಿಡುತ್ತದೆ. 50 ಕಿ.ಮೀ. ವೇಗದ ಕಾರಿನ ಚಾಲಕ ಅಷ್ಟು ದೂರಕ್ಕೆ ಇನ್ನೂ ಬ್ರೇಕನ್ನೇ ತುಳಿದಿರುವುದಿಲ್ಲ! ಅದು ನಿಲ್ಲಲು ಹತ್ತಿರ ಹತ್ತಿರ 28 ಮೀಟರ್ ಬೇಕು. ಜನ-ವಾಹನ ಬೆರೆಯುವ ಬೀದಿಗಳಲ್ಲಿ 30 ಕಿ.ಮೀ. ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು ಇದಕ್ಕೇ. ವೇಗಮಿತಿಯನ್ನು ವರ್ಷಗಳ ಕಾಲ ಬಿಡದೆ ತಗ್ಗಿಸುತ್ತ ಬಂದ ಹೆಲ್ಸಿಂಕಿ ನಗರದಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ ವಾಹನಕ್ಕೆ ಬಲಿಯಾಗಲಿಲ್ಲ.

ಸಂಖ್ಯೆ ತಗ್ಗಬೇಕೆಂದರೆ ಬೀದಿಯ ನಡುವೆ ಅಡ್ಡಗಂಬ ಬೇಕು. ಪ್ರತಿ ಮನೆಗೂ ವಾಹನ ಹೋಗಬಹುದು, ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳಲು ಮಾತ್ರ ಆಗದು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ 1977ರಲ್ಲೇ ನಗರಕೇಂದ್ರವನ್ನು ನಾಲ್ಕು ಭಾಗ ಮಾಡಿ, ಕಾರುಗಳು ಒಂದರಿಂದ ಇನ್ನೊಂದಕ್ಕೆ ನೇರ ಹೋಗದಂತೆ ತಡೆಯಿತು. ಬೆಲ್ಜಿಯಂನ ಗೆಂಟ್ 2017ರಲ್ಲಿ ಇದೇ ಹಾದಿ ಹಿಡಿಯಿತು.

ಶುರುಮಾಡುವ ಮೊದಲು ಎಣಿಸಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬೀದಿಯ ಎರಡೂ ತುದಿಯಲ್ಲಿ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಹೊಕ್ಕ ಮೂರು-ನಾಲ್ಕು ನಿಮಿಷದಲ್ಲೇ ಇನ್ನೊಂದು ತುದಿಯಲ್ಲಿ ಕಾಣಿಸಿದವು ಹಾದುಹೋಗುವ ವಾಹನಗಳು. ಈ ಪಟ್ಟಿ ಕೈಯಲ್ಲಿದ್ದರೆ ನಗರಾಡಳಿತದ ಜೊತೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಬಳಿಕ ಅನುಮತಿ ಪಡೆದು, ಮಣ್ಣು ತುಂಬಿದ ಭಾರವಾದ ಕುಂಡಗಳನ್ನಿಟ್ಟು ಆರು ತಿಂಗಳು ಪರೀಕ್ಷಿಸಿ. ಮೊದಲ ಕೆಲವು ವಾರ ಗೊಂದಲ, ದೂರು ಇರುತ್ತವೆ. ಆ ಹೊತ್ತಿನಲ್ಲಿ ತೀರ್ಪು ಕೊಡಬೇಡಿ. ಕುಂಡಗಳ ನಡುವೆ 1.5 ಮೀಟರ್ ತೆರವಿದ್ದರೆ ಗಾಲಿಕುರ್ಚಿ, ಸೈಕಲ್ ಸಲೀಸಾಗಿ ಹೋಗುತ್ತವೆ. ಸಣ್ಣ ತ್ರಿಚಕ್ರ ವಾಹನಗಳು ನುಗ್ಗುವ ಕಡೆ 1.2 ಮೀಟರ್‌ಗೆ ಇಳಿಸಿ. ದ್ವಿಚಕ್ರ ವಾಹನಗಳನ್ನು ಇದು ತಡೆಯದು. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಕ್ಕೆ ಒಂದು ಕಂಬ ಕೀಲಿ ತೆಗೆದು ಮಡಚುವಂತಿರಬೇಕು, ಆ ಕೀಲಿ ಆಯಾ ಇಲಾಖೆಯ ಬಳಿಯೂ ಇರಬೇಕು.

ಒಂದೇ ಬೀದಿಗೆ ಅಡ್ಡಗಂಬ ಹಾಕಿದರೆ ವಾಹನಗಳೆಲ್ಲ ಪಕ್ಕದ ಬೀದಿಗೆ ಹರಿದು ಅಲ್ಲಿಯವರ ಪಾಡು ಕೆಡುತ್ತದೆ. ಜಗಳ ಹುಟ್ಟುವುದೂ ಯೋಜನೆ ಸಾಯುವುದೂ ಅಲ್ಲೇ. ಸುತ್ತಲಿನ ಮುಖ್ಯರಸ್ತೆಗಳ ನಡುವಿನ ಇಡೀ ಪ್ರದೇಶವನ್ನು ಒಂದೇ ಘಟಕವೆಂದು ತೆಗೆದುಕೊಳ್ಳಿ. ಒಳಬೀದಿಗಳ ವಾಹನ ಓಡಾಟ ತಗ್ಗಿಸಲು ಸ್ಪೇನ್‌ನ ಬಾರ್ಸಿಲೋನಾ ನಗರ ಸುಮಾರು 400 ಮೀಟರ್ ಉದ್ದಗಲದ ತುಂಡುಗಳನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ.

ಇದು ಸದ್ದು-ಹೊಗೆಯ ವಿಷಯ ಮಾತ್ರವಲ್ಲ. 1960ರ ದಶಕದ ಕೊನೆಯಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನ ಓಡುವ ಬೀದಿಯವರಿಗೆ ಸರಾಸರಿ ಒಬ್ಬರಿಗಿಂತಲೂ ಕಡಿಮೆ. ಬಡಾವಣೆಯಲ್ಲಿ ಯಾವ ಕೆಲಸಕ್ಕೂ ಜನ ಸೇರುವುದಿಲ್ಲ ಎಂದು ಕೊರಗುವವರು ಮೊದಲು ಬೀದಿಯ ವಾಹನಗಳನ್ನು ಎಣಿಸುವುದು ಒಳ್ಳೆಯದು.

ಪ್ರಶ್ನೆ: ಸಾಲಾಗಿ ನೆಟ್ಟ ಸಸಿಗಳಲ್ಲಿ ಬಹುಪಾಲು ಒಣಗಿದವು. ಉಳಿದವು ಬೆಳೆದು ಫುಟ್‌ಪಾತ್ ಎಬ್ಬಿಸುತ್ತಿವೆ. ತಪ್ಪಿದ್ದು ಎಲ್ಲಿ?

ಎರಡಕ್ಕೂ ಕಾರಣ ಮಣ್ಣು. ಕಾಂಕ್ರೀಟಿನ ನಡುವಿನ ಸಣ್ಣ ಚೌಕದಲ್ಲಿ ಸಸಿ ನೆಟ್ಟರೆ ಸುತ್ತಲ ಮಣ್ಣು ರೋಲರ್ ಓಡಿಸಿ ಗಟ್ಟಿಯಾಗಿರುತ್ತದೆ. ಬೇರಿಗೆ ಗಾಳಿ, ತೇವ ಸಿಗುವುದು ಹಾಸುಗಲ್ಲಿನ ಅಡಿಯಲ್ಲಷ್ಟೇ, ಅದು ಅಲ್ಲಿಗೇ ನುಗ್ಗುತ್ತದೆ. ದೊಡ್ಡದಾಗಿ ಬೆಳೆಯುವ ಮರಕ್ಕೆ 20ರಿಂದ 30 ಘನ ಮೀಟರ್ ಸಡಿಲ ಮಣ್ಣು ಬೇಕು. ಒಂದೊಂದಕ್ಕೂ ಬೇರೆ ಗುಂಡಿ ತೆಗೆಯುವ ಬದಲು ಉದ್ದಕ್ಕೂ ಒಂದೇ ಕಾಲುವೆ ತೆಗೆದರೆ ಮರಗಳು ಮಣ್ಣನ್ನು ಹಂಚಿಕೊಳ್ಳುತ್ತವೆ.

ಗುಂಡಿ ಬೇರಿನ ಉಂಡೆಗಿಂತ ಎರಡು-ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಉಂಡೆಯಷ್ಟೇ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಅದನ್ನು ಹೂತರೆ ಮರ ನಿಧಾನವಾಗಿ ಕೊಳೆಯುತ್ತದೆ. ಮೇಲೆ 7ರಿಂದ 10 ಸೆಂ.ಮೀ. ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ದಿನವೂ ಒಂದು ಚೊಂಬು ನೀರು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ 20-40 ಲೀಟರ್ ಇಂಗುವಂತೆ, ಮೊದಲ ಎರಡು-ಮೂರು ಬೇಸಿಗೆ ಕೊಡಿ. ಸಸಿಗೆ ಆಸರೆಯಾಗಿ ನೆಟ್ಟ ಕೋಲನ್ನು ವರ್ಷದೊಳಗೆ ತೆಗೆಯಿರಿ. ಕಟ್ಟಿದ ತಂತಿ ಕಾಂಡಕ್ಕೆ ಕಚ್ಚಿಕೊಂಡು ಸತ್ತ ಮರಗಳು ಕಡಿಮೆಯಲ್ಲ.

ಎಲ್ಲವೂ ಒಂದೇ ಜಾತಿಯಾದರೆ ಒಂದು ರೋಗಕ್ಕೆ ಸಾಲುಸಾಲೇ ಹೋಗುತ್ತದೆ. ಒಂದು ಪ್ರಭೇದ ಶೇ 10, ಒಂದು ಕುಲ ಶೇ 20, ಒಂದು ಕುಟುಂಬ ಶೇ 30 ಮೀರಬಾರದೆಂಬ, ಅಮೆರಿಕದ ಮರವಿಜ್ಞಾನಿ ಸಾಂತಮೂರ್ ಅವರ 1990ರ ಸೂತ್ರ ಇಂದಿಗೂ ಉಪಯುಕ್ತ.

ಪ್ರಶ್ನೆ: ಮನೆಗಳಲ್ಲಿ ಇಂಗುಗುಂಡಿ ಇದ್ದರೂ ಜೋರು ಮಳೆಗೆ ಬೀದಿ ತುಂಬಿ ಹರಿಯುತ್ತದೆ. ಯಾಕೆ?

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಸುರಿದರೆ 2,000 ಲೀಟರ್, ಅದರಲ್ಲಿ ಸುಮಾರು 1,700 ಲೀಟರ್ ಕೆಳಗಿಳಿಯುತ್ತದೆ. ಒಂದು ಮೀಟರ್ ವ್ಯಾಸ, ಮೂರು ಮೀಟರ್ ಆಳದ ಗುಂಡಿಯ ಗಾತ್ರ 2,350 ಲೀಟರ್. ಸಾಕಲ್ಲವೇ ಎನಿಸುತ್ತದೆ. ಆದರೆ ಅದರ ತುಂಬ ಜಲ್ಲಿ ತುಂಬಿದರೆ ನೀರಿಗೆ ಉಳಿಯುವ ಜಾಗ ಶೇ 40 ಮಾತ್ರ, ಅಂದರೆ 940 ಲೀಟರ್. ಉಳಿದದ್ದು ಬೀದಿಗೆ. ಸಿಮೆಂಟ್ ಉಂಗುರ ಇಳಿಸಿ, ಕೀಲುಗಳಲ್ಲಿ ನೀರು ಹೊರಹೋಗುವಂತೆ ಬಿಟ್ಟು, ಒಳಗೆ ಖಾಲಿ ಇಟ್ಟು, ಮೇಲೆ ಭದ್ರವಾದ ಮುಚ್ಚಳ ಹಾಕುವುದು ಲೇಸು.

ಎರಡನೆಯ ಶತ್ರು ಹೂಳು. ಮೊದಲ ಎರಡು ಮಿ.ಮೀ. ಮಳೆ, ಅಂದರೆ ಇಂಥ ಚಾವಣಿಗೆ 200 ಲೀಟರ್, ಧೂಳು-ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಬೇರೆಡೆ ಬಿಡುವ ವ್ಯವಸ್ಥೆ ಮತ್ತು ಗುಂಡಿಗೆ ಮುಂಚೆ ಹೂಳು ನಿಲ್ಲುವ ತೊಟ್ಟಿ ಇಲ್ಲದಿದ್ದರೆ ಕೆಲವೇ ಮಳೆಗಾಲದಲ್ಲಿ ತಳ ಕಟ್ಟಿಕೊಳ್ಳುತ್ತದೆ. ತೋಡುವ ಮೊದಲು ಮಣ್ಣನ್ನೂ ಪರೀಕ್ಷಿಸಿ: 30 ಸೆಂ.ಮೀ. ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಎರಡನೆಯ ಸಲ ತುಂಬಿ ಅಳೆಯಿರಿ. ಗಂಟೆಗೆ 12 ಮಿ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ಇಂಗಿಸುವುದಕ್ಕಿಂತ ತೊಟ್ಟಿಯಲ್ಲಿ ಹಿಡಿದಿಡುವುದೇ ಸರಿ. ಕಟ್ಟಡದ ಪಾಯದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ, ಶೌಚಗುಂಡಿಯಿಂದ ಇನ್ನೂ ದೂರ.

ಬೀದಿಯ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ ಇರುವುದರಿಂದ ಅದನ್ನು ಕೊಳವೆಬಾವಿಗೆ ನೇರ ಬಿಡಲೇಬಾರದು. ರಸ್ತೆಗಿಂತ 15 ಸೆಂ.ಮೀ. ತಗ್ಗಾದ ಗಿಡಗಳ ಪಟ್ಟಿಗೆ, ಅಂಚುಗಲ್ಲು ಕತ್ತರಿಸಿ ಹರಿಸಿ. ಸಾಮಾನ್ಯವಾಗಿ ಈ ಪಟ್ಟಿಯನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟುತ್ತಾರೆ, ಆಗ ನೀರು ಅದನ್ನು ಮುಟ್ಟುವುದೇ ಇಲ್ಲ. ನಿಂತ ನೀರು 48 ಗಂಟೆಯೊಳಗೆ ಇಂಗಿದರೆ ಸೊಳ್ಳೆಯ ಭಯವಿಲ್ಲ.

ಪ್ರಶ್ನೆ: ಹಸಿ ಕಸದ ಸಾಮೂಹಿಕ ಗೊಬ್ಬರ ಘಟಕ ನಾತದ ದೂರಿನಿಂದ ಮುಚ್ಚಿತು. ಮತ್ತೆ ಶುರುಮಾಡಬಹುದೇ?

ಖಂಡಿತ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ತೇವ ಹೆಚ್ಚು. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆಯಾದರೆ ಸಾರಜನಕ ಹೆಚ್ಚು. ಎರಡಕ್ಕೂ ಮದ್ದು ಒಣ ಎಲೆ: ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್. ರಾಶಿ ಕನಿಷ್ಠ ಒಂದು ಘನ ಮೀಟರ್ ಇದ್ದರೆ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ಹೊಸದಾಗಿ ಹಾಕಿದ ಕಸ ಒಂದು ದಿನವೂ ತೆರೆದಿರಬಾರದು.

ಘಟಕ ಮುಚ್ಚುವುದು ಬಹುತೇಕ ಎಲೆ ಮುಗಿದಾಗ. ಎಲೆ ಉದುರುವುದು ವರ್ಷದ ಒಂದು ಕಾಲದಲ್ಲಿ, ಕಸ ಬರುವುದು ದಿನವೂ. ಆದ್ದರಿಂದ ಉದುರುವ ಕಾಲದಲ್ಲೇ ತಂತಿಬಲೆಯ ಗೂಡು ಕಟ್ಟಿ ವರ್ಷಕ್ಕಾಗುವಷ್ಟು ಕೂಡಿಡಿ. ಎಲೆ ಗೂಡಿನ ಜಾಗ ಗೊಬ್ಬರ ರಾಶಿಯ ಜಾಗಕ್ಕಿಂತ ದೊಡ್ಡದಿರಬೇಕು. ಜೊತೆಗೆ ರಾಶಿ ತಿರುವುವವರು ಯಾರು, ಅವರು ಊರಲ್ಲಿಲ್ಲದಾಗ ಯಾರು, ಅವರ ಕೂಲಿ ಯಾವ ಲೆಕ್ಕದಿಂದ ಎಂಬುದನ್ನು ಮೊದಲ ಬಕೆಟ್ ಸುರಿಯುವ ಮುನ್ನವೇ ಬರೆದಿಡಿ. ಸಾಮೂಹಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಾಂ ಗುರುತಿಸಿದಂತೆ, ಬಳಸುವವರೇ ಸೇರಿ ಮಾಡಿದ ನಿಯಮ ಬಾಳುತ್ತದೆ. ಮೊದಲ ತಪ್ಪಿಗೆ ಎಚ್ಚರಿಕೆ ಸಾಕು, ದಂಡ ಆಮೇಲೆ. ನಿಯಮ ಮಾಡುವ ಸಭೆಗೆ ಬಾಡಿಗೆದಾರರನ್ನೂ ಕಸ ಒಯ್ಯುವ ಕೆಲಸಗಾರರನ್ನೂ ಕರೆಯಿರಿ. ಬಕೆಟ್ಟಿನಲ್ಲಿ ಪ್ಲಾಸ್ಟಿಕ್ ಎಲ್ಲಿ ಬೆರೆಯುತ್ತಿದೆ ಎಂಬುದು ಅವರಿಗೇ ಗೊತ್ತಿರುತ್ತದೆ.