ಕಾಂಚನವೋ ದೇವಕಾಂಚನವೋ, ಎಲೆ ನೋಡಿ ಹೇಳಬಹುದಾ?

ಎಲೆ ನೋಡಿ ಹೇಳಲು ಆಗುವುದಿಲ್ಲ. ಮರ ಗುರುತಿಸಲು ಯಾವ ಆ್ಯಪ್ ಒಳ್ಳೆಯದು ಅಂತಲೂ ಕೇಳಿದ್ದೀರಿ, ಅದನ್ನೂ ಸದ್ಯಕ್ಕೆ ಬಿಡಿ. ಸೊಸೈಟಿಯ ಮರಗಳಿಗೆ ಹೆಸರಿನ ಬೋರ್ಡ್ ಹಾಕಬೇಕು, ಯಾವುದು ಯಾವುದೆಂದು ತಿಳಿಯುತ್ತಿಲ್ಲ ಅಂದಿರಲ್ಲ, ಪುಣೆಯ ಕೋಥ್ರುಡ್‌ನಲ್ಲಿ ಇದೇ ಕೆಲಸ ನನ್ನ ಕೊರಳಿಗೂ ಬಿದ್ದಿತ್ತು.

ನಮ್ಮಲ್ಲಿ ಗೇಟಿನಿಂದ ಒಳಗೆ ಸಾಲಾಗಿ ಮಂದಾರದ ಮರಗಳಿವೆ; ಕಾಂಚನ, ದೇವಕಾಂಚನ ಎರಡೂ ಈ ಮಂದಾರದ ಬಳಗದವೇ. ಎಲ್ಲಕ್ಕೂ ಅದೇ ಎರಡು ಹೋಳಿನ ಎಲೆ, ದನದ ಗೊರಸು ಒತ್ತಿದ ಹಾಗೆ. ಆಗಸ್ಟ್ 15ಕ್ಕೆ ಧ್ವಜ ಹಾರಿಸುವ ಹೊತ್ತಿಗೆ ಬೋರ್ಡ್ ಇರಲೇಬೇಕು ಅಂತ ಕಮಿಟಿಯವರ ಹಟ. ಜೋರು ಮಳೆಗಾಲ, ಯಾವ ಮರದಲ್ಲೂ ಹೂವಿಲ್ಲ. ಕಾಂಚನದ ಎಲೆಯ ಸೀಳು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ, ದೇವಕಾಂಚನದ್ದು ಇನ್ನೂ ಆಳ, ಸುಮಾರು ಅರ್ಧದವರೆಗೆ ಅಂತ ಓದಿಕೊಂಡೆ. ಸ್ಕೇಲ್ ಹಿಡಿದು ಹೊರಟೆ.

ಓದಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮರಕ್ಕೊಂದೇ ಎಲೆ ಅಳೆದೆ. ಅದೂ ಕೈಗೆ ಸಿಕ್ಕ ಎಲೆ. ಕೈಗೆ ಸಿಗುವುದು ಯಾವುದು ಹೇಳಿ? ಮಾಲಿ ಕಡಿದ ಕಡೆ ಮತ್ತೆ ಚಿಗುರಿದ ಕೆಳಗಿನ ಕೊಂಬೆಯದು. ಅಂಥ ಚಿಗುರಿನ ಎಲೆ ಮೇಲಿನದ್ದಕ್ಕಿಂತ ದೊಡ್ಡದು, ಆಕಾರವೂ ಬೇರೆ. ಅದೇ ಮರದ ಬೇರೆ ಬೇರೆ ಕೊಂಬೆಯ ಎಲೆ ತಂದು ಜೋಡಿಸಿದ್ದರೆ, ಒಂದರ ಸೀಳು ಮೂರನೇ ಒಂದು ಭಾಗ, ಇನ್ನೊಂದರದ್ದು ಹತ್ತಿರ ಹತ್ತಿರ ಅರ್ಧ ಇರುವುದು ಅಲ್ಲೇ ಕಾಣುತ್ತಿತ್ತು. ತರಲಿಲ್ಲ. ಅಳತೆ ಗಡಿಯಲ್ಲಿ ಬಂದಾಗ ಮನಸ್ಸಿಗೆ ಬಂದ ಕಡೆ ತಳ್ಳಿದೆ. ಆ್ಯಪ್‌ಗೂ ಅದೇ ಎಲೆಯ ಫೋಟೋ ಕೊಟ್ಟು, ಅದು ಹೇಳಿದ್ದನ್ನು ಎರಡನೇ ಸಾಕ್ಷಿ ಅಂದುಕೊಂಡೆ. ಒಂದೇ ಎಲೆಯನ್ನು ಎರಡು ಸಲ ಕೇಳಿದಂತಾಯಿತು ಅಷ್ಟೆ. ಆಮೇಲೆ ಹಿತ್ತಾಳೆ ಬೋರ್ಡ್‌ಗೆ ಆರ್ಡರ್. ಕೊರೆಸಿದ ಅಕ್ಷರ, ತಿದ್ದುವ ಹಾಗಿಲ್ಲ.

ದಸರೆ ಕಳೆಯುವಷ್ಟರಲ್ಲಿ ಕಾಂಚನ ಅಂತ ಬೋರ್ಡ್ ಹೊತ್ತ ಮರಗಳಲ್ಲಿ ಕೆಲವು ತಿಳಿ ನೇರಳೆ ಹೂ ಬಿಟ್ಟವು. ಕಾಂಚನ ಆಗ ಹೂ ಬಿಡುವ ಮರವೇ ಅಲ್ಲ! ಅದರ ಕಾಲ ಫೆಬ್ರುವರಿಯಿಂದ ಏಪ್ರಿಲ್, ಎಲೆ ಬಹುಪಾಲು ಉದುರಿದ ಮೇಲೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಎಲೆ ಇರುವಾಗಲೇ ಅರಳುವುದು ದೇವಕಾಂಚನ. ನಮ್ಮ ವಿಂಗಿನ ಧಾರವಾಡದ ಅಕ್ಕಾವ್ರು, ವಿಜ್ಞಾನದ ಟೀಚರ್ ಆಗಿ ರಿಟೈರ್ ಆದವರು, ಒಂದು ಹೂ ಕಿತ್ತು ನನ್ನ ಅಂಗೈ ಮೇಲಿಟ್ಟರು. "ಎಲಿ ನೋಡಿ ಹೆಸರಿಟ್ರೇನ್ರೀ? ಹೂವು ಬರೂತನಕಾ ತಡೀಲಿಕ್ಕೆ ಏನಾಗಿತ್ತು?"

ಪಕಳೆಗಳು ಕಿರಿದು, ಒಂದಕ್ಕೊಂದು ತಾಗದಂತೆ ದೂರ ದೂರ. ನಡುವೆ ಮೂರೇ ಮೂರು ಉದ್ದನೆಯ ಕೇಸರ, ಬಾಗಿಕೊಂಡು, ತುದಿಯಲ್ಲಿ ಪರಾಗ. ಬುಡದಲ್ಲಿ ಸಪೂರ ಎಳೆಗಳು ಕೆಲವು ಇದ್ದವು, ಅವು ಲೆಕ್ಕಕ್ಕಿಲ್ಲ. ಮೂರಿದ್ದರೆ, ಅಪರೂಪಕ್ಕೆ ನಾಲ್ಕಿದ್ದರೆ, ದೇವಕಾಂಚನ. ಕಾಂಚನಕ್ಕೆ ಐದು. ಅದರ ಪಕಳೆ ಅಗಲ, ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ, ಒಂದು ಪಕಳೆಯ ಮೇಲೆ ಗಾಢ ಬಣ್ಣದ ಗುರುತು.

ಬೋರ್ಡ್ ಅದಲು ಬದಲು ಮಾಡೋಣ ಅಂದರೆ ಲೆಕ್ಕ ಹೊಂದಲಿಲ್ಲ. ಗೇಟಿನ ಪಕ್ಕದ ಮರ ಎರಡೂ ಅಲ್ಲ. ದೊಡ್ಡ ಕಡು ನೇರಳೆ ಹೂ, ಕೇಸರ ಐದು, ಚಳಿಗಾಲವಿಡೀ ಅರಳಿದರೂ ಒಂದು ಕಾಯಿ ಕಟ್ಟಲಿಲ್ಲ. ಅದು ಇವೆರಡರ ಮಿಶ್ರತಳಿ, ಹಾಂಗ್‌ಕಾಂಗ್ ಧ್ವಜದ ಮೇಲೆ ಇರುವ ಹೂವು. ಬೀಜ ಆಗದ್ದರಿಂದ ಕಸಿ ಮಾಡಿಯೋ, ಗೂಟಿ ಕಟ್ಟಿಯೋ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ) ಬೆಳೆಸಬೇಕು. ಕೊನೆಗೆ ಬೋರ್ಡ್‌ಗಳ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ನಿಮ್ಮ ಕಮಿಟಿಗೆ ಏಪ್ರಿಲ್‌ವರೆಗೆ ಕಾಯಲು ಹೇಳಿ. ಬೈದರೆ ಬೈಯಲಿ. ಅಲ್ಲಿಯವರೆಗೆ ಪ್ರತಿ ಮರ ಯಾವ ತಿಂಗಳು ಹೂ ಬಿಟ್ಟಿತು ಅಂತ ಬರೆದಿಟ್ಟುಕೊಳ್ಳಿ, ಹೂವಿನ ಒಳಗಿನ ಫೋಟೋ ತೆಗೆಯಿರಿ.

ಇದೇ ಬಳಗದಲ್ಲಿ ಎಲೆ ನೋಡಿಯೇ ಹೇಳಬಹುದಾದ್ದು, ಮರಾಠಿಯಲ್ಲಿ ಆಪಟಾ ಅನ್ನುವ ಮರ. ಎಲೆ ಚಿಕ್ಕದು, ದಪ್ಪ, ಉದ್ದಕ್ಕಿಂತ ಅಗಲ ಜಾಸ್ತಿ, ಕೆಳಗಡೆ ಬೂದು ಬಣ್ಣ. ಇಲ್ಲಿ ದಸರೆಗೆ ಬಂಗಾರ ಅಂತ ಹಂಚುವುದು ಇದನ್ನೇ. ಗೊತ್ತಿಲ್ಲದವರು ಮೊಗ್ಗು ಹಿಡಿದ ದೇವಕಾಂಚನದ ಕೊಂಬೆ ಮುರಿದುಕೊಂಡು ಹೋಗುತ್ತಾರೆ. ಈಗಲೇ ಬೋರ್ಡ್ ಬೇಕೇಬೇಕು ಅಂತ ಕಮಿಟಿ ಕೂತರೆ, "ಇದು ಆಪಟಾ ಅಲ್ಲ, ಕೊಂಬೆ ಮುರಿಯಬೇಡಿ" ಅಂತ ಮರಾಠಿಯಲ್ಲಿ ಬರೆಸಿ ಹಾಕಿ. ಅದನ್ನಂತೂ ಯಾರೂ ತಪ್ಪು ಅನ್ನಲಾರರು.