ಉಳುಕಿದ ಆಂಕಲ್‌ಗೆ ಎಣ್ಣೆ ತಿಕ್ಕಿಸಿ ಆದಿತ್ಯವಾರ ಆಡುವ ಯೋಚನೆ ಬಿಡಿ

ಮೊನ್ನೆ ಆದಿತ್ಯವಾರ ಮಂಗಳೂರಿನ ನೆಹರೂ ಮೈದಾನದಲ್ಲಿ ಕಾಲು ಒಳಗೆ ಮಡಚಿ ಆಂಕಲ್, ಅಂದರೆ ಪಾದದ ಗಂಟು, ಉಳುಕಿತು, ಸಂಜೆಯೇ ಎಣ್ಣೆ ಹಾಕಿ ತಿಕ್ಕಿಸಿದೆ, ಬಿಸಿನೀರಿನ ಶೇಕ ಕೊಟ್ಟೆ, ಬುಧವಾರ ಆದರೂ ಊತ ಏರ್ತಾನೇ ಉಂಟು, ಬರುವ ಆದಿತ್ಯವಾರದ ಏಳು ಜನರ ಫುಟ್‌ಬಾಲ್ ಪಂದ್ಯ ಸೆವೆನ್ಸ್‌ಗೆ ಕ್ರೇಪ್ ಬ್ಯಾಂಡೇಜ್ ಕಟ್ಟಿ ಒಂದು ಡೈಕ್ಲೋ (ನೋವು ನಿವಾರಕ) ಇಂಜೆಕ್ಷನ್ ತಗೊಂಡು ಇಳೀಬಹುದಾ ಅಂತ ಕಾಲಿನ ಫೋಟೋ ಹಾಕಿ ಕೇಳಿದ್ದೀರಿ. ಕೆಳಗೆ ಸುಮಾರು ಜನ "ಆಡಿ, ಎಂತ ಆಗುದಿಲ್ಲ" ಅಂತ ಬರೆದಿದ್ದಾರೆ. ಆಡಬೇಡಿ. ಫೋಟೋ ನೋಡಿ ಧೈರ್ಯ ಹೇಳುವವರು ಸ್ವಲ್ಪ ತಡೀರಿ ಮಾರಾಯ್ರೆ, ನಾಳೆ ನಡೀಲಿಕ್ಕೆ ಆಗದಿದ್ರೆ ಅದನ್ನು ಅನುಭವಿಸುವವರು ಕೇಳಿದವರು, ನೀವಲ್ಲ.

ಮೊದಲು ಆ ಎಣ್ಣೆ, ಶೇಕ ಎರಡೂ ಇವತ್ತಿಗೇ ನಿಲ್ಲಿಸಿ. ಲಿಗಮೆಂಟ್ (ಎಲುಬಿಗೆ ಎಲುಬು ಕಟ್ಟುವ ನಾರು) ಹರಿದಾಗ ಸಣ್ಣ ರಕ್ತನಾಳಗಳೂ ಹರಿದಿರುತ್ತವೆ, ಒಳಗೆ ರಕ್ತ ಒಸರುತ್ತಾ ಇರುತ್ತದೆ. ಮೊದಲ ಎರಡು ಮೂರು ದಿನ ಬಿಸಿ ಕೊಟ್ಟರೆ ನಾಳಗಳು ಇನ್ನೂ ತೆರೆದುಕೊಳ್ಳುತ್ತವೆ. ಒತ್ತಿ ತಿಕ್ಕಿದರೆ ಕಟ್ಟಿಕೊಳ್ಳಲಿಕ್ಕೆ ಹೊರಟದ್ದೂ ಪುನಃ ಬಿಡುತ್ತದೆ. ನಿಮ್ಮ ಊತ ಏರಿದ್ದು ಹಾಗೆ. ಎಲುಬಲ್ಲಿ ಬಿರುಕು ಇದ್ದರೆ ತಿಕ್ಕುವವರ ಕೈಯಲ್ಲಿ ಅದು ಜರುಗಲೂ ಬಹುದು. ವೊಲಿನಿ, ಮೂವ್ ಸ್ಪ್ರೇ ಹೊಡೆದರೆ ಸ್ವಲ್ಪ ಹೊತ್ತು ನೋವು ಮರೆಯುತ್ತದೆ ಅಷ್ಟೆ, ಲಿಗಮೆಂಟ್ ಕೂಡಿಸುವ ಗುಣ ಯಾವ ಸ್ಪ್ರೇಯಲ್ಲೂ ಇಲ್ಲ.

ಎಕ್ಸ್‌ರೇ ಬೇಕಾ ಅಂತ ಕೈಯ ಹೆಬ್ಬೆರಳಲ್ಲಿ ಒತ್ತಿ ನೋಡಿ. ಹೊರಗಂಟಿನ ತುದಿ ಮತ್ತು ಅದರ ಹಿಂದಿನ ಅಂಚು, ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ. ಒಳಗಂಟಿನಲ್ಲೂ ಅದೇ ಜಾಗ. ಪಾದದ ಹೊರ ಅಂಚಿನ ನಡುವಲ್ಲಿ ಉಬ್ಬಿದ ಎಲುಬು, ಅಂದರೆ ಕಿರುಬೆರಳಿನ ಉದ್ದ ಎಲುಬಿನ ಬುಡ. ಒಳಬದಿಯಲ್ಲಿ ಕಮಾನಿನ ಮೇಲಿನ ನೇವಿಕ್ಯುಲರ್ ಎಲುಬು. ಇದರಲ್ಲಿ ಯಾವುದಾದರೂ ಒಂದು ಕಡೆ ಎಲುಬಿನ ಮೇಲೆಯೇ ಚುರುಕ್ ಅಂದರೆ, ಅಥವಾ ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಊರಲಿಕ್ಕೆ ಆಗದಿದ್ದರೆ, ನಾಳೆ ಬೆಳಿಗ್ಗೆಯೇ ಎಕ್ಸ್‌ರೇ. ಸರಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋದರೂ ಆದೀತು, ಮನೆ ಹತ್ತಿರದ ಆಸ್ಪತ್ರೆಯಾದರೂ ಆದೀತು. ನೋವು ಗಂಟಿನ ಮುಂದೆ ಕೆಳಗಿನ ಮೆತ್ತನೆ ಜಾಗದಲ್ಲಿ ಮಾತ್ರ ಇದ್ದರೆ ಬಹುಮಟ್ಟಿಗೆ ಹೊರಬದಿಯ ಮುಂದಿನ ಲಿಗಮೆಂಟ್, ಎಟಿಎಫ್‌ಎಲ್. ಶಾಲೆಗೆ ಹೋಗುವ ಹುಡುಗರಾದರೆ ಈ ಒತ್ತಿ ನೋಡುವುದನ್ನು ನಂಬಿ ಕೂರಬೇಡಿ, ಬೆಳೆಯುವ ವಯಸ್ಸಲ್ಲಿ ಲಿಗಮೆಂಟಿಗಿಂತ ಮೊದಲು ಎಲುಬಿನ ಬೆಳವಣಿಗೆಯ ಜಾಗವೇ ಬಿಡುವುದುಂಟು, ಡಾಕ್ಟರಿಗೆ ತೋರಿಸಿ. ಇನ್ನೊಂದು: ಮೊಣಕಾಲಿನ ಕೆಳಗೆ ಎರಡೂ ಎಲುಬನ್ನು ಕೈಯಿಂದ ಅಮುಕಿದಾಗ ಕೆಳಗೆ ಆಂಕಲ್ ಹತ್ತಿರ ನೋವು ಬಂದರೆ ಅದು ಹೈ ಆಂಕಲ್ ಸ್ಪ್ರೇನ್ (ಆ ಎರಡು ಎಲುಬನ್ನು ಕೂಡಿಸುವ ಲಿಗಮೆಂಟಿನ ಪೆಟ್ಟು) ಇರಬಹುದು. ಸಾಮಾನ್ಯ ಉಳುಕಿನ ಲೆಕ್ಕ ಅದಕ್ಕೆ ನಡೆಯುದಿಲ್ಲ, ವಾಸಿಯಾಗಲಿಕ್ಕೆ ತುಂಬಾ ಹೆಚ್ಚು ಸಮಯ ಬೇಕು.

ಐಸ್ 15-20 ನಿಮಿಷ, ಒದ್ದೆ ಬಟ್ಟೆ ಸುತ್ತಿ, ಎಚ್ಚರ ಇರುವಾಗ ಎರಡು ಮೂರು ಗಂಟೆಗೊಮ್ಮೆ. ಮೀನಿನವರ ಹತ್ತಿರದ ಪುಡಿ ಐಸ್ ಎರಡು ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲ) ಹಾಕಿ ಕಟ್ಟಿದರೂ ಸಾಕು, ಗಂಟಿನ ಆಕಾರಕ್ಕೆ ಸರಿಯಾಗಿ ಕೂರುತ್ತದೆ. ನೋವು ಇಳಿಸಲಿಕ್ಕೆ ಐಸ್, ಬೇಗ ವಾಸಿ ಮಾಡಲಿಕ್ಕೆ ಅಲ್ಲ. ಊತ ಇಳಿಸುವುದು ಕ್ರೇಪ್ ಮತ್ತು ಕಾಲು ಎದೆಗಿಂತ ಎತ್ತರದಲ್ಲಿ ಇಡುವುದು. ಎರಡು ದಿಂಬಿಟ್ಟು ಮಲಗಿ, ಕುರ್ಚಿಯ ಎದುರಿಗೆ ಸ್ಟೂಲ್ ಇಟ್ಟರೆ ಸಾಲದು.

ಫೋಟೋದಲ್ಲಿ ಕ್ರೇಪ್ ಕಟ್ಟಿದ್ದು ಸರಿ ಇಲ್ಲ. ಮೇಲಿಂದ ಕೆಳಗೆ ಸುತ್ತಿದ್ದೀರಿ, ಹಿಮ್ಮಡಿ ತೆರೆದು ಬಿಟ್ಟಿದ್ದೀರಿ, ಹಾಗಾಗಿ ನೀರೆಲ್ಲ ಪಾದಕ್ಕೆ ಇಳಿದು ಬೆರಳು ದಪ್ಪ ಆಗಿದೆ. 10 ಸೆಂ.ಮೀ. ಅಗಲದ್ದು ತಗೊಳ್ಳಿ. ಪಾದ ಕಾಲಿಗೆ ಲಂಬ ಕೋನದಲ್ಲಿ ಇರಲಿ. ಬೆರಳಿನ ಬುಡದಿಂದ ಶುರು ಮಾಡಿ, ಎಂಟರ ಆಕಾರದಲ್ಲಿ ಹಿಮ್ಮಡಿ ಸಮೇತ ಮುಚ್ಚಿ ಮೇಲೆ ಹೋಗಿ, ಒಂದೊಂದು ಸುತ್ತು ಹಿಂದಿನದ್ದರ ಅರ್ಧ ಮುಚ್ಚಬೇಕು, ಕೆಳಗೆ ಬಿಗಿ ಜಾಸ್ತಿ, ಮೇಲೆ ಹೋದ ಹಾಗೆ ಸಡಿಲ. ಬೆರಳು ಜುಮ್ ಅಂದರೆ, ನೀಲಿಯಾದರೆ ಬಿಚ್ಚಿ ಪುನಃ ಕಟ್ಟಿ. ರಾತ್ರಿ ಸಡಿಲ ಮಾಡಿ. ದಪ್ಪ ಸ್ಪಂಜನ್ನು ಇಂಗ್ಲಿಷ್ ಯು ಆಕಾರಕ್ಕೆ ಕತ್ತರಿಸಿ ಹೊರಗಂಟಿನ ಸುತ್ತ ಇಟ್ಟು ಮೇಲಿಂದ ಕ್ರೇಪ್ ಸುತ್ತಿ, ವ್ಯತ್ಯಾಸ ನೋಡಿ. ಸ್ಪಂಜ್ ಇಲ್ಲದಿದ್ದರೆ ಪಟ್ಟಿ ಉಬ್ಬಿದ ಎಲುಬನ್ನು ಮಾತ್ರ ಒತ್ತುತ್ತದೆ, ಊತ ಕೂತ ತಗ್ಗಿಗೆ ಅದು ಮುಟ್ಟುವುದೇ ಇಲ್ಲ.

ಮಾತ್ರೆ ಬೇಕೇ ಬೇಕು ಅಂದರೆ ಪ್ಯಾರಸಿಟಮಾಲ್ ಸಾಕು. ನೋವು ಮುಚ್ಚಿ ಆಡಲಿಕ್ಕೆ ಡೈಕ್ಲೋ ಚುಚ್ಚಿಸುವುದು ಅತ್ಯಂತ ಕೆಟ್ಟ ಅಭ್ಯಾಸ, ಕಾಲು ನಿಲ್ಲು ಅಂತ ಹೇಳುವುದನ್ನು ನಿಮಗೆ ಕೇಳಿಸದ ಹಾಗೆ ಮಾಡುತ್ತದೆ. ಮಳೆಗಾಲದಲ್ಲಿ ಜ್ವರ ಇದ್ದರಂತೂ ಡೈಕ್ಲೋ, ಐಬುಪ್ರೊಫೆನ್ ಮುಟ್ಟಲೇಬೇಡಿ. ನಮ್ಮಲ್ಲಿ ಡೆಂಗಿ ಇರುವ ಸಮಯ ಅದು, ರಕ್ತಸ್ರಾವದ ಅಪಾಯ ಉಂಟು.

ಹಾಗಂತ ಮೂರು ವಾರ ಮಂಚ ಹಿಡಿಯಬೇಡಿ. ಎಲುಬು ಸರಿ ಇದ್ದರೆ ತಡೆಯುವಷ್ಟು ಭಾರ ಊರಿ ನಡೀರಿ. ಕುಂಟುತ್ತಿದ್ದರೆ ಊರುಗೋಲು ಸರಿ ಕಾಲಿನ ಬದಿಯ ಕೈಯಲ್ಲಿ. ಕುಳಿತಲ್ಲೇ ಕಾಲಿನ ಹೆಬ್ಬೆರಳಿಂದ ಗಾಳಿಯಲ್ಲಿ ಅ ಆ ಇ ಈ ಇಂದ ಳ ವರೆಗೆ ಬರೆಯಿರಿ, ದಿನಕ್ಕೆ ಮೂರು ಸಲ. ನಮ್ಮ ಅಕ್ಷರಕ್ಕೆ ಸುರುಳಿ ಜಾಸ್ತಿ, ಎಲ್ಲ ದಿಕ್ಕೂ ಆಗುತ್ತದೆ.

ಈಗ ಮುಖ್ಯ ವಿಷಯ. ಹೆಚ್ಚಿನವರು ನೋವು ಹೋದ ಕೂಡಲೇ ಬೂಟ್ ಹಾಕುತ್ತಾರೆ, ಎರಡು ತಿಂಗಳಲ್ಲಿ ಅದೇ ಕಾಲು ಪುನಃ ಮಡಚುತ್ತದೆ, ಆಮೇಲೆ "ನನ್ನ ಆಂಕಲ್ ವೀಕ್" ಅಂತ ಹೇಳಿಕೊಂಡು ತಿರುಗುತ್ತಾರೆ. ಪಾದ ಯಾವ ಕೋನದಲ್ಲಿ ಉಂಟು ಅಂತ ಮೆದುಳಿಗೆ ಸುದ್ದಿ ಕೊಡುವ ನರದ ತುದಿಗಳು ಆ ಲಿಗಮೆಂಟಿನಲ್ಲೂ ಇರುತ್ತವೆ. ಲಿಗಮೆಂಟ್ ಹರಿದರೆ ಆ ಸುದ್ದಿ ತಡವಾಗುತ್ತದೆ, ಹೊರಬದಿಯ ಪೆರೋನಿಯಲ್ ಸ್ನಾಯು ಎಳೆದು ಹಿಡಿಯುವಷ್ಟರಲ್ಲಿ ಕಾಲು ಮಡಚಿ ಆಗಿರುತ್ತದೆ. ಇದನ್ನು ಸರಿ ಮಾಡುವುದು ಒಂಟಿ ಕಾಲಲ್ಲಿ ನಿಲ್ಲುವುದು. ಬರಿಗಾಲು, ಮೊಣಕಾಲು ಸ್ವಲ್ಪ ಬಗ್ಗಿ ಎರಡನೇ ಬೆರಳಿನ ನೇರಕ್ಕೆ. ಭಾರ ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಮೂರರ ಮೇಲೂ. ಬೆರಳು ಮಡಚಿ ನೆಲ ಕಚ್ಚಬೇಡಿ, ಸೊಂಟ ಒಂದು ಬದಿಗೆ ಇಳಿಯಬಾರದು, ಮೊಣಕಾಲು ಲಾಕ್ ಮಾಡಬಾರದು. ಈ ಮೂರು ತಪ್ಪು ಮಾಡಿಕೊಂಡು ಹತ್ತು ನಿಮಿಷ ನಿಂತರೂ ಪ್ರಯೋಜನ ಇಲ್ಲ. 30 ಸೆಕೆಂಡು ಅಲುಗದೆ ನಿಂತ ಮೇಲೆ ಕಣ್ಣು ಮುಚ್ಚಿ. ಅದೂ ಆದ ಮೇಲೆ ಮಡಚಿದ ಚಾಪೆ ಅಥವಾ ದಿಂಬಿನ ಮೇಲೆ. ಆಮೇಲೆ ಎದುರು ಒಬ್ಬರು ಬಾಲ್ ಎಸೆಯಲಿ, ಪೆಟ್ಟಾದ ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಇನ್‌ಸೈಡಿಂದ ವಾಪಸ್ ಕೊಡಿ, 10 ಸಲ, ಮತ್ತೆ 10 ಹೆಡರ್. ಪೆಟ್ಟಾದ ಕಾಲಿಂದ ಒದ್ದು ಅಭ್ಯಾಸ ಮಾಡುವವರು ಇಲ್ಲೇ ತಪ್ಪುವುದು, ನಿಲ್ಲುವ ಕಾಲಿಗೆ ಬೇಕಾದದ್ದು ಇದು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ, ರಾತ್ರಿ ಮಲಗುವ ಮೊದಲು, ಕಡಿಮೆ ಅಂದರೆ ಆರು ವಾರ. ನೋವು ಹೋಯಿತು ಅಂತ ಎರಡನೇ ವಾರಕ್ಕೆ ಬಿಡಬೇಡಿ ಮಾರಾಯ್ರೆ, ಕೆಲಸ ಆಗ ಶುರು ಆಗಿರುತ್ತದೆ ಅಷ್ಟೆ.

ಜೊತೆಗೆ ರಬ್ಬರ್ ಬ್ಯಾಂಡ್ ಪಾದಕ್ಕೆ ಹಾಕಿ ಹೊರಗೆ ತಳ್ಳುವುದು, 15ರಂತೆ ಮೂರು ಸೆಟ್, ವಾಪಸ್ ಬರುವಾಗ ನಿಧಾನ. ಒಂಟಿ ಕಾಲಿನ ಕಾಫ್ ರೈಸ್, ಅಂದರೆ ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಮೊಣಕಾಲು ಮುಟ್ಟಿಸುವುದು: ಹಿಮ್ಮಡಿ ಎತ್ತದೆ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗುತ್ತದೆ ಅಂತ ಸ್ಕೇಲಲ್ಲಿ ಅಳೆಯಿರಿ.

ಪಣಂಬೂರು, ಮಲ್ಪೆ ಮರಳಲ್ಲಿ ಓಡಿದರೆ ಆಂಕಲ್ ಗಟ್ಟಿ ಆಗುತ್ತದೆ ಅಂತ ಒಬ್ಬರು ಬರೆದಿದ್ದಾರೆ. ಈಗ ಬೇಡ. ಒಣ ಮರಳು ಪ್ರತಿ ಹೆಜ್ಜೆಗೂ ಜಾರುತ್ತದೆ, ಮತ್ತೆ ಬೀಚ್ ಸಮುದ್ರದ ಕಡೆಗೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಕೊನೆ ಹಂತದಲ್ಲಿ ಇಳಿತದ ಸಮಯದ ಒದ್ದೆ ಗಟ್ಟಿ ಮರಳಲ್ಲಿ, ಹೋದಷ್ಟೇ ದೂರ ವಾಪಸ್ ಬನ್ನಿ.

ಆಟಕ್ಕೆ ಯಾವಾಗ? ಸಣ್ಣ ಉಳುಕಿಗೆ ಒಂದೆರಡು ವಾರ, ಅರ್ಧ ಹರಿದದ್ದಕ್ಕೆ ಮೂರರಿಂದ ಆರು, ಪೂರ್ತಿ ಹರಿದರೆ ಎರಡು ಮೂರು ತಿಂಗಳು. ನಿಮ್ಮದು ಫೋಟೋ ನೋಡಿದರೆ ಒಂದು ವಾರದ್ದಲ್ಲ, ಆದರೆ ಕ್ಯಾಲೆಂಡರ್ ನೋಡಿ ನಿರ್ಧಾರ ಮಾಡುವುದೂ ಬೇಡ. ಗೋಡೆಯ ಅಳತೆಯಲ್ಲಿ ಎರಡೂ ಕಾಲಿಗೆ 1-2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂಟಿ ಕಾಲಲ್ಲಿ 20 ಕಾಫ್ ರೈಸ್. ಒಂಟಿ ಕಾಲಲ್ಲಿ ಮೂರು ಜಿಗಿತದ ದೂರ ಸರಿ ಕಾಲಿನ 90 ಶೇಕಡಾ. ಆಮೇಲೆ ನೇರ ಓಟ, ಎಂಟರ ಆಕಾರದ ಓಟ, ಸ್ಪ್ರಿಂಟಿಂದ ಕಟ್ (ತಟ್ಟನೆ ದಿಕ್ಕು ಬದಲಿಸುವುದು), ಮತ್ತೆ ಪೂರ್ತಿ ಪ್ರಾಕ್ಟೀಸ್. ಮರುದಿನ ಬೆಳಿಗ್ಗೆ ಊತ ಬಂದರೆ ಒಂದು ಹಂತ ಹಿಂದೆ.

ವಾಪಸ್ ಬಂದ ಮೇಲೆ ಆರು ತಿಂಗಳಿಂದ ಒಂದು ವರ್ಷ ಮ್ಯಾಚಿಗೆ ಬ್ರೇಸ್ ಹಾಕಿ. ಲೇಸ್ ಕಟ್ಟುವ ಜಾತಿಯದ್ದು. ಸಾಕ್ಸಿನ ಹಾಗೆ ಎಳೆದು ಹಾಕುವ ಇಲಾಸ್ಟಿಕ್ ತೋಳು, ಅದು ಟೈನಾರ್ ಇರಲಿ ಬೇರೆ ಯಾವುದೇ ಇರಲಿ, ಬೆಚ್ಚಗೆ ಇಡುತ್ತದೆ ಅಷ್ಟೆ, ಮಡಚುವುದನ್ನು ತಡೆಯುದಿಲ್ಲ. ಟೇಪ್ ಒಳ್ಳೆಯದೇ, ಆದರೆ ಕಟ್ಟಲಿಕ್ಕೆ ಗೊತ್ತಿರಬೇಕು, ನಮ್ಮ ಬೆವರಿಗೆ ಫಸ್ಟ್ ಹಾಫಲ್ಲೇ ಸಡಿಲ. ಬೂಟಿನ ವಿಷಯದಲ್ಲೂ ಹಾಗೆ: ಕೃತಕ ಟರ್ಫಿಗೆ ಉದ್ದ ಬ್ಲೇಡ್ ಸ್ಟಡ್ ಹಾಕಿದರೆ ಪಾದ ಕಚ್ಚಿ ನಿಲ್ಲುತ್ತದೆ, ಮೈ ತಿರುಗುತ್ತದೆ, ಆಂಕಲ್‌ಗೋ ಮೊಣಕಾಲಿಗೋ ಪೆಟ್ಟು. ಟರ್ಫಿಗೂ ಬೇಸಿಗೆಯ ಗಟ್ಟಿ ಮೈದಾನಕ್ಕೂ ಸಣ್ಣ ಗುಬ್ಬಿಯ ಟಿಎಫ್ ಸೋಲ್. ನಿವಿಯಾ, ಕಿಪ್ಸ್ಟಾ ಯಾವುದಾದರೂ ಸಾಕು, ದುಬಾರಿ ಹೆಸರಿಗೆ ದುಡ್ಡು ಹಾಕುವ ಬದಲು ಅಂಗಡಿಯಲ್ಲೇ ಬಗ್ಗಿಸಿ ನೋಡಿ: ಬೆರಳಿನ ಬುಡದ ಹತ್ತಿರ ಬಗ್ಗಬೇಕು, ನಡುವಲ್ಲಿ ಬಗ್ಗುವುದನ್ನು ಬಿಡಿ. ಹಿಮ್ಮಡಿಯ ಕಪ್ ಹಿಚುಕಿದರೆ ಗಟ್ಟಿ ಇರಬೇಕು.

ಥ್ರೆಡ್ಡಿನಲ್ಲಿ ಮೊಣಕಾಲಿನ "ಟಕ್" ಶಬ್ದ ಕೇಳಿದೆ, ಎರಡು ಗಂಟೆಯಲ್ಲಿ ಊದಿತು ಅಂತ ಬರೆದವರಿಗೆ ಬೇರೆಯೇ ಮಾತು. ಅದು ಎಸಿಎಲ್ (ಮೊಣಕಾಲಿನ ಒಳಗಿನ ಲಿಗಮೆಂಟ್) ಹರಿದದ್ದು ಇರಬಹುದು, ಆರ್ಥೋ ಡಾಕ್ಟರಿಗೆ ತೋರಿಸದೆ ಬಾಲ್ ಮುಟ್ಟಬೇಡಿ. ಆಪರೇಷನ್ ಆದರೂ 9 ತಿಂಗಳ ಒಳಗೆ ಮ್ಯಾಚ್ ಇಲ್ಲ.

ತೊಡೆಯ ಹಿಂಬದಿ ಪದೇ ಪದೇ ಎಳೆಯುವವರು ಸ್ಟ್ರೆಚ್ ಮಾಡಿ ಮಾಡಿ ಇನ್ನೂ ಹಾಳು ಮಾಡಿಕೊಳ್ಳುತ್ತೀರಿ. ವಾಸಿಯಾದ ಮೇಲೆ ನಾರ್ಡಿಕ್ ಮಾಡಿ: ಮೊಣಕಾಲೂರಿ, ಹಿಂದಿನಿಂದ ಒಬ್ಬರು ಕಾಲಗಂಟು ಹಿಡಿಯಲಿ, ಸೊಂಟ ಮಡಚದೆ ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಮುಂದಕ್ಕೆ ಬಾಗಿ. ಮೊದಲ ವಾರ ಐದರಂತೆ ಎರಡು ಸೆಟ್, ಒಂದೇ ದಿನ. ವಾರ ವಾರ ಏರಿಸುತ್ತಾ ಮೂರು ಸೆಟ್ಟಿಗೆ ಹೋಗಿ. ಟೀಮಿಗೆಲ್ಲ ಒಟ್ಟಿಗೆ ಮಾಡಿಸುವುದಾದರೆ ಫಿಫಾ 11+ ಉಂಟು: 8 ನಿಮಿಷ ಓಟ, 10 ನಿಮಿಷ ಶಕ್ತಿ ಮತ್ತು ಬ್ಯಾಲೆನ್ಸ್, 2 ನಿಮಿಷ ವೇಗದ ಓಟ, ನಾರ್ಡಿಕ್ ಅದರಲ್ಲೇ ಇದೆ. ನಾರ್ವೆಯ ಹುಡುಗಿಯರ ತಂಡಗಳಲ್ಲಿ ಮಾಡಿಸಿ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯ ಸುಮಾರು ಮೂರನೇ ಒಂದು ಪಾಲು ಕಡಿಮೆ ಆಗಿತ್ತು. ಕ್ಯಾಪ್ಟನ್‌ಗಳು ಕಿಕ್‌ಆಫ್ ಸಮಯಕ್ಕೆ ಬೈಕ್ ಇಳಿದು ನೇರ ಮೈದಾನಕ್ಕೆ ಓಡುವವರನ್ನು ಬೆಂಚಲ್ಲಿ ಕೂರಿಸಿ, ಎರಡು ಮ್ಯಾಚಲ್ಲಿ ಸರಿ ಆಗುತ್ತಾರೆ. ನಾರ್ಡಿಕ್ ಹೊಸತಾಗಿ ಶುರು ಮಾಡುವವರು ಮ್ಯಾಚಿನ ಹಿಂದಿನ ದಿನ ಮಾಡಬೇಡಿ, ಮೊದಲೆರಡು ವಾರ ತೊಡೆ ಚೆನ್ನಾಗಿ ನೋಯುತ್ತದೆ. ಮಂಗಳವಾರ ಮಾಡಿದರೆ ಆದಿತ್ಯವಾರಕ್ಕೆ ಸರಿ ಇರುತ್ತದೆ.